ಕೇಳಿ ನಡೆದ ದಾರಿ

ಮಾಯಕೊಂಡ ಎಂದೊಡನೆ ಚರಿತ್ರೆ ಓದಿದವರಿಗೆ ನೆನಪಾಗುವುದು 1748ರ ಕಾಳಗ. ಚಿತ್ರದುರ್ಗದ ಹಿರೇ ಮದಕರಿ ನಾಯಕರು ಬಿದನೂರಿನವರ ಮತ್ತು ಅವರ ಜೊತೆಗೂಡಿದವರ ದಂಡಿನೊಡನೆ ಕಾದಾಡಿ ಮಡಿದದ್ದು ಇಲ್ಲಿಯೇ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದ ನಾನು ಆ ಇಸವಿಯನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಮಾಯಕೊಂಡ ನನಗೆ ತವರೂರು. ತವರಿನ ಹೆಣ್ಣುಮಕ್ಕಳಿಗೆ ಊರಿನ ಚರಿತ್ರೆ ಬೇರೆಯದೇ ಇರುತ್ತದೆ. ಯಾರ ಹೊಲದ ಬದು ಯಾವ ವರ್ಷ ಎಷ್ಟು ಸರಿಯಿತು, ಯಾರ ಬಾವಿಗೆ ಯಾರು ಬಿಂದಿಗೆ ಹಿಡಿದು ಹೋಗುತ್ತಿದ್ದರು, ಯಾರು ಯಾರ ಹೊಲ ಹಾದು ತಮ್ಮ ಹೊಲ ಸೇರುತ್ತಿದ್ದರು ಎಂಬ ಚರಿತ್ರೆ ಅದು. ರಾಜರ ಕಾಳಗ ಬೇಗ ಮುಗಿಯುತ್ತದೆ. ದಾರಿಯ ಕಾಳಗ ಮೂರು ತಲೆಮಾರು ನಡೆಯುತ್ತದೆ.

ಪೇಟೆಯಲ್ಲಿರುವ ನಮಗೆ ಹೊಲದ ದಾರಿಯ ಮಾತು ಏಕೆ ಎಂದು ನೀವು ಕೇಳಬಹುದು. ಎರಡು ಮನೆಗಳ ನಡುವಿನ ಸಂದಿ, ಪಕ್ಕದವರ ಹಿತ್ತಲಲ್ಲಿ ಹಾದುಹೋಗುವ ನಮ್ಮ ಬಚ್ಚಲ ನೀರು, ಅವರು ಗೋಡೆ ಎಬ್ಬಿಸಿದರೆ ಕತ್ತಲಾಗುವ ನಮ್ಮ ಅಡಿಗೆಮನೆ, ವಠಾರದ ನಾಲ್ಕು ಸಂಸಾರಕ್ಕೆ ಇರುವ ಒಂದೇ ಮೆಟ್ಟಿಲು, ಇವೆಲ್ಲ ಅದೇ ಜಾತಿಯವು. ಇವುಗಳಲ್ಲಿ ಹೆಚ್ಚಿನವಕ್ಕೆ ಪತ್ರವಿಲ್ಲ. ಇರುವುದು ಬಳಕೆ ಮಾತ್ರ. ಚೆನ್ನಾಗಿರುವಷ್ಟು ದಿನ ಅದು ನೆರೆಹೊರೆ. ಕೆಟ್ಟ ದಿನ ಅದೇ ವ್ಯಾಜ್ಯ.

ಹಳೆಯ ಕ್ರಯಪತ್ರಗಳನ್ನು ನೀವು ನೋಡಿದ್ದರೆ ಅದರಲ್ಲಿ ಒಂದು ಸಾಲು ಕಣ್ಣಿಗೆ ಬಿದ್ದಿರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಸಹಿತ ಈ ಜಮೀನು ನಿಮ್ಮದು ಎಂದು. ಕಲ್ಲಿನ ಶಾಸನಗಳ ಕಾಲದಿಂದ ಬಂದ ಮಾತು ಇದು. ನೆಲದಲ್ಲಿ ಹೂತಿಟ್ಟ ಹೊನ್ನಿನ ಮೇಲೆ ಹಕ್ಕುಂಟು, ಕಲ್ಲಿನ ಮೇಲೆ ಹಕ್ಕುಂಟು, ನೀರಿನ ಮೇಲೆ ಉಂಟು, ಮುಂದೆಂದೋ ಬರಬಹುದಾದ ಲಾಭದ ಮೇಲೂ ಉಂಟು. ಆದರೆ ಆ ಎಂಟರಲ್ಲಿ ದಾರಿ ಇಲ್ಲ! ಹೊಲಕ್ಕೆ ಹೋಗದೆ ಹೊಲ ಉಳುವುದು ಹೇಗೆ? ಬರೆದವರಿಗೆ ಅದು ಬರೆಯಬೇಕಾದ ಸಂಗತಿ ಎಂದೇ ಅನ್ನಿಸಿರಲಿಕ್ಕಿಲ್ಲ. ತೀರ ಬೇಕಾದದ್ದನ್ನು ನಾವು ಯಾವಾಗಲೂ ಬರೆಯದೆ ಬಿಡುತ್ತೇವೆ.

ಬರೆಯುವ ಕಾಲ ಬಂದದ್ದು ಮೋಜಣಿಯೊಂದಿಗೆ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಬೊಂಬಾಯಿ ಪದ್ಧತಿಯ ಕಂದಾಯ ಮೋಜಣಿ ಶುರುವಾದಾಗ ಮೊದಲು ಸರಪಳಿ ಎಳೆದದ್ದು ಬೊಂಬಾಯಿ ಪ್ರಾಂತ್ಯಕ್ಕೆ ತಾಗಿದ್ದ ನಮ್ಮ ಚಿತ್ರದುರ್ಗ ಸೀಮೆಯಲ್ಲಿ. (ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.) ಹೊಲಗಳಿಗೆ ಸರ್ವೆ ನಂಬರು ಬಂತು, ಮೂಲೆಗೆ ಬಾಂದುಕಲ್ಲು ಬಂತು, ಊರಿಗೊಂದು ನಕಾಶೆ ಬಂತು. ಊರಿಂದ ಊರಿಗೆ ಹೋಗುವ ಬಂಡಿದಾರಿಗಳು, ಹೆಚ್ಚು ಜನ ತುಳಿದ ಕಾಲುದಾರಿಗಳು ಆ ನಕಾಶೆಯಲ್ಲಿ ಚುಕ್ಕೆಗೆರೆಗಳಾಗಿ ಸೇರಿದವು. 'ನಕಾಶೆ ಕಂಡ ದಾರಿ' ಎಂದು ನಮ್ಮ ಕಡೆ ಈಗಲೂ ಹೆಮ್ಮೆಯಿಂದ ಹೇಳುವುದು ಇವನ್ನೇ. ಒಂದು ಹೊಲದ ಬದುವಿನ ಮೇಲೆ ಹಾದು ಹಿಂದಿನ ಹೊಲಕ್ಕೆ ಇಳಿಯುವ ಸಣ್ಣ ದಾರಿಗಳು ಸಾಮಾನ್ಯವಾಗಿ ನಕಾಶೆ ಕಾಣಲಿಲ್ಲ. ಬುತ್ತಿ ಹೊತ್ತು ಹೋಗುವ, ಕಳೆ ಕೀಳಲು ಹೋಗುವ, ಸಂಜೆ ಹುಲ್ಲಿನ ಹೊರೆ ಹೊತ್ತು ಬರುವ ದಾರಿಗಳು ಅವು. ಬಂಡಿದಾರಿ ಗಂಡಸರದು, ಬದುವಿನ ದಾರಿ ಹೆಂಗಸರದು. ನಕಾಶೆಗೆ ಸಿಕ್ಕದ್ದು ಮೊದಲನೆಯದು.

ಆಮೇಲೆ ರೈಲು ಬಂತು. ಬೆಂಗಳೂರಿನ ಕಡೆಯಿಂದ ಬಂದ ಹಳಿ ಹರಿಹರ ಮುಟ್ಟಿದ್ದು 1889ರಲ್ಲಿ. ದಾವಣಗೆರೆಯಿಂದ ಚಿಕ್ಕಜಾಜೂರಿನ ಕಡೆ ಹೊರಟರೆ ನಡುವೆ ಸಿಗುವ ಮಾಯಕೊಂಡದ ಸ್ಟೇಷನ್ನು ಆ ಹಾದಿಯದೇ. ಹಳಿ ಹಾಯ್ದಲ್ಲೆಲ್ಲ ಹೊಲ ಆಚೆಗಷ್ಟು ಈಚೆಗಷ್ಟು ಆಗುತ್ತದೆ. ಬ್ರಿಟಿಷ್ ಇಂಡಿಯಾದ 1890ರ ರೈಲ್ವೆ ಕಾನೂನಿನಲ್ಲಿ ಇದಕ್ಕೊಂದು ಕಲಂ ಇತ್ತು: ಹಳಿಯ ಪಕ್ಕದ ಜಮೀನಿನ ಮಾಲೀಕರಿಗೂ ಅದನ್ನು ಅನುಭವಿಸುತ್ತಿರುವವರಿಗೂ ದಾಟಲು ಅನುಕೂಲವನ್ನು ರೈಲ್ವೆಯವರು ಮಾಡಿಕೊಡಬೇಕು. 1989ರ ಹೊಸ ಕಾನೂನಿನಲ್ಲೂ ಆ ಮಾತು ಉಳಿದಿದೆ. ಅದನ್ನು ಓದಿದಾಗ ನನ್ನ ಗಮನ ಸೆಳೆದದ್ದು ಎರಡನೆಯ ಪದ. ಮಾಲೀಕರು ಮಾತ್ರವಲ್ಲ, ಅನುಭವಿಸುತ್ತಿರುವವರು. ಉಳುವವನು ಯಾರೇ ಆಗಲಿ, ಅವನ ಎತ್ತು ದಾಟಲೇಬೇಕಲ್ಲ. ಹೊಲದ ಕಾನೂನಿಗಿಂತ ರೈಲಿನ ಕಾನೂನು ಈ ಮಾತನ್ನು ಸರಳವಾಗಿ ಹೇಳಿತ್ತು.

ಇನ್ನು ನಮ್ಮ ಮನೆಯ ಹೊಲದ ಸಂಗತಿ. ಬಂಡಿದಾರಿಗೆ ತಾಗಿದಂತೆ 4 ಎಕರೆ, ಅದರ ಹಿಂದೆ 5 ಎಕರೆ. ಮುಂದಿನ ನಾಲ್ಕನ್ನು ನಮ್ಮ ಅಜ್ಜನ ಕಾಲದಿಂದಲೂ ಒಂದು ಮನೆತನದವರು ಕೋರಿಗೆ ಮಾಡುತ್ತಿದ್ದರು. ಪಾಲಿಗೆ ಮಾಡುವುದನ್ನು ನಮ್ಮ ಕಡೆ ಕೋರು ಎನ್ನುತ್ತಾರೆ. ದುಡಿಮೆ ಅವರದು, ನೆಲ ನಮ್ಮದು, ಬೆಳೆದ ಜೋಳ ಕಣದಲ್ಲಿ ಅರ್ಧರ್ಧ. ಕಾಗದವಿಲ್ಲ, ಸಹಿಯಿಲ್ಲ. ಹಿಂದಿನ ಐದನ್ನು ನಮ್ಮವರೇ ಮಾಡಿಸುತ್ತಿದ್ದರು. ಆ ಕೋರಿನವರಿಗೆ ಸ್ವಂತದ್ದು ಎಂದು ಒಂದು ಎಕರೆ ಇತ್ತು. ಅದೂ ನಮ್ಮ ನಾಲ್ಕು ಎಕರೆಯ ಹಿಂದೆಯೇ, ಪಕ್ಕಕ್ಕೆ. ಹೀಗಾಗಿ ಅವರು ತಮ್ಮ ಎಕರೆಗೆ ಹೋಗಬೇಕಾದರೂ ನಮ್ಮ ಹೊಲ ಹಾಯಬೇಕು, ನಾವು ನಮ್ಮ ಹಿಂದಿನ ಹೊಲಕ್ಕೆ ಹೋಗಬೇಕಾದರೂ ಅವರ ಪೈರು ಹಾಯಬೇಕು.

ನಮ್ಮ ಅಜ್ಜಿ ಬದುವಿನ ತುದಿಯಲ್ಲಿ ನಿಂತು ಕೂಗುತ್ತಿದ್ದಳು, "ಏನವ್ವಾ, ಹಾದು ಹೋಗ್ಲಾ?" ಕೋರಿನ ಮನೆಯಾಕೆ ಕಳೆಯ ನಡುವಿನಿಂದ ತಲೆಯೆತ್ತಿ, "ಅಯ್ಯ, ನಿಮ್ಮ ಹೊಲಕ್ಕೆ ನಿಮಗೇನ್ ಅಪ್ಪಣೆ, ಹೋಗ್ರವ್ವಾ" ಎನ್ನುತ್ತಿದ್ದಳು. ಅಜ್ಜಿ ಅದನ್ನು ಒಪ್ಪುತ್ತಿರಲಿಲ್ಲ. ಹೊಲ ನಮ್ಮದಾದರೂ ಪೈರು ಅವರದು, ಪೈರು ನಿಂತಿರುವಷ್ಟು ದಿನ ಅದು ಪೈರಿನವರ ಹೊಲ ಎಂಬುದು ಅವಳ ಲೆಕ್ಕ. ಆಕೆಯೂ ಅಷ್ಟೆ, ತನ್ನ ಎಕರೆಗೆ ಹೋಗುವಾಗ ನಮ್ಮವರು ಕಂಡರೆ ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ. ಎರಡು ಕಡೆಯೂ ಕೇಳುವುದು, ಎರಡು ಕಡೆಯೂ ಹೂಂ ಅನ್ನುವುದು. ಹಾಗೆ ವರ್ಷಗಳು ಹೋದವು.

ಇದಕ್ಕೆಲ್ಲ ಕಾನೂನಿನ ಭಾಷೆಯಲ್ಲಿ ಒಂದು ಹೆಸರುಂಟು. ಬೇರೆಯವರ ಸೊತ್ತಿನ ಮೇಲೆ ನಮ್ಮ ಸೊತ್ತಿನ ಅನುಕೂಲಕ್ಕಾಗಿ ಇರುವ ಹಕ್ಕನ್ನು ಅನುಭೋಗದ ಹಕ್ಕು ಎನ್ನುತ್ತಾರೆ. ಕೋರ್ಟಿನ ಆವರಣದಲ್ಲಿ ಎಲ್ಲರ ಬಾಯಲ್ಲಿ ಅದು 'ಈಸ್‌ಮೆಂಟು'. 1882ರಲ್ಲಿ ಇದಕ್ಕೊಂದು ಕಾನೂನು ಬಂತು. ಕರಡು ಬರೆದವರು ವಿಟ್ಲಿ ಸ್ಟೋಕ್ಸ್ ಎಂಬ ಐರಿಷ್ ವಿದ್ವಾಂಸರು. ಮೊದಲು ಅದು ಜಾರಿಯಾದದ್ದು ಮದ್ರಾಸು, ಮಧ್ಯಪ್ರಾಂತ್ಯ ಮತ್ತು ಕೊಡಗಿನಲ್ಲಿ. ಇಂದು ನಮ್ಮ ರಾಜ್ಯದ ನ್ಯಾಯಾಲಯಗಳು ದಾರಿಯ ವ್ಯಾಜ್ಯ ಬಿಡಿಸುವುದು ಅದನ್ನೇ ಹಿಡಿದು. ಹೆದರಬೇಡಿ, ಅದರಲ್ಲಿ ನಮಗೆ ಬೇಕಾದದ್ದು ಮೂರೇ ಮಾತು.

ಮೊದಲನೆಯದು ಅನಿವಾರ್ಯತೆ. ಒಬ್ಬರದೇ ಆಗಿದ್ದ ಜಮೀನು ಮಾರಾಟದಿಂದಲೋ ಅಣ್ಣತಮ್ಮಂದಿರ ಪಾಲಿನಿಂದಲೋ ಎರಡಾದಾಗ, ಒಂದಕ್ಕೆ ಇನ್ನೊಂದರ ಮೇಲಲ್ಲದೆ ಬೇರೆ ದಾರಿಯೇ ಇಲ್ಲವಾದರೆ, ಪತ್ರದಲ್ಲಿ ಬರೆಯದಿದ್ದರೂ ದಾರಿ ಉಂಟೆಂದೇ ತಿಳಿಯಬೇಕು. ಎಲ್ಲಿ ಹಾಯಬೇಕು ಎಂದು ತೋರಿಸುವುದು ಆ ನೆಲದವನ ಹಕ್ಕು, ಆದರೆ ತೋರಿಸಿದ ದಾರಿ ನಡೆಯುವಂತಿರಬೇಕು. ಆದರೆ ಸುತ್ತಿಕೊಂಡು ಹೋಗುವ ಇನ್ನೊಂದು ದಾರಿ ಇದ್ದರೆ ಈ ಹಕ್ಕಿಲ್ಲ. ದೂರ ಎನ್ನುವುದು ಅನಿವಾರ್ಯವಲ್ಲ, ಅನಾನುಕೂಲ ಮಾತ್ರ.

ಎರಡನೆಯದು ಚಿರಭೋಗ. 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ಜಗಳವಿಲ್ಲದೆ, ತನ್ನ ಹಕ್ಕೆಂದೇ ನಡೆದುಕೊಂಡು ಬಂದರೆ ಆ ದಾರಿ ಹಕ್ಕಾಗುತ್ತದೆ. ದಾವೆ ಹೂಡುವುದಕ್ಕೆ ಹಿಂದಿನ 2 ವರ್ಷದೊಳಗಿನವರೆಗೂ ಆ ನಡಿಗೆ ಮುಂದುವರಿದಿರಬೇಕು. ಮೂರನೆಯದು ಅಪ್ಪಣೆ. ನೆಲದವರ ಅಪ್ಪಣೆ ಪಡೆದು ನಡೆದದ್ದು ಎಷ್ಟೇ ವರ್ಷವಾಗಲಿ ಹಕ್ಕಾಗದು. ಅದು ಕೊಟ್ಟವರ ಕೃಪೆ, ಸಾಮಾನ್ಯವಾಗಿ ಬೇಡವೆಂದಾಗ ಹಿಂದೆಗೆದುಕೊಳ್ಳಬಹುದಾದದ್ದು.

ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗಿಟ್ಟು ನೋಡಿ. ಒಬ್ಬ ಹೆಂಗಸು ಇಪ್ಪತ್ತು ವರ್ಷ ಕೇಳಿ, ನಕ್ಕು, ಮಾತಾಡಿಸಿ ಪಕ್ಕದವರ ಹೊಲ ಹಾಯುತ್ತಾಳೆ. ಇನ್ನೊಬ್ಬ ಇಪ್ಪತ್ತು ವರ್ಷ ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ ತುಳಿದುಕೊಂಡು ಹೋಗುತ್ತಾನೆ. ಕೊನೆಗೆ ಹಕ್ಕು ಹುಟ್ಟುವುದು ಅವನಿಗೆ. ಕೇಳಿದವಳಿಗೆ ಏನೂ ಇಲ್ಲ. ಮರ್ಯಾದೆಯಿಂದ ನಡೆದುಕೊಂಡದ್ದೇ ಅವಳ ವಿರುದ್ಧದ ಸಾಕ್ಷಿ. ಕಾನೂನಿಗೂ ಅದರದೇ ನ್ಯಾಯವುಂಟು. ಕೃಪೆ ತೋರಿದವರು ಅದರಿಂದಲೇ ನೆಲ ಕಳೆದುಕೊಳ್ಳುವಂತಾದರೆ ನಾಳೆ ಯಾರೂ ಯಾರಿಗೂ ದಾರಿ ಬಿಡಲಾರರು. ಈ ಮಾತು ಒಪ್ಪತಕ್ಕದ್ದೇ. ಆದರೂ ನಮ್ಮ ಹೆಂಗಸರ ನಡತೆಗೆ ಹಚ್ಚಿ ನೋಡಿದಾಗ ಮನಸ್ಸಿಗೆ ಚುರುಕ್ ಎನ್ನುತ್ತದೆ. ನಮ್ಮನ್ನು ಬೆಳೆಸಿದ್ದೇ ಕೇಳಿ ಮಾಡು, ಹೇಳಿ ಹೋಗು ಎಂದಲ್ಲವೇ?

ಹೆಂಗಸರ ಕಡೆಯ ಮಾತು ಈ ಕಾನೂನಿನಲ್ಲಿ ಬರಲೇ ಇಲ್ಲವೆಂದಲ್ಲ. ಊರ ವಾಡಿಕೆಯಿಂದ ಹುಟ್ಟುವ ಹಕ್ಕಿಗೆ 1882ರ ಕಾನೂನೇ ಕೊಡುವ ಒಂದು ಉದಾಹರಣೆ ಕಿಟಕಿಯದು: ಪಕ್ಕದ ಮನೆಯ ಒಳಾಂಗಣ ಕಾಣುವಂತೆ ಹೊಸ ಕಿಟಕಿ ತೆರೆಯಬಾರದೆಂಬ ವಾಡಿಕೆ ಊರಲ್ಲಿದ್ದರೆ ಅದು ಹಕ್ಕೇ. 1888ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಗೋಕಲ ಪ್ರಸಾದ್ ಮತ್ತು ರಾಧೋ ಅವರ ನಡುವಿನ ಇಂಥದೇ ವ್ಯಾಜ್ಯ ಹೋಗಿತ್ತು. ಹೆಂಗಸರು ಇರುವ ಭಾಗ ಕಾಣುವಂತೆ ಹೊಸ ಬಾಗಿಲು ಪಡಸಾಲೆ ಮಾಡಿದ್ದರೆಂಬುದು ದೂರು. ಆ ಸೀಮೆಯ ವಾಡಿಕೆಯನ್ನು ನ್ಯಾಯಾಲಯ ಮಾನ್ಯ ಮಾಡಿತು.

ಇಂಗ್ಲೆಂಡಿನ ಡರ್ಬಿ ಊರಿನ ಒಬ್ಬ ವಿಧವೆಯ ಕಥೆಯೂ ಈ ಶಾಸ್ತ್ರದಲ್ಲಿ ಪ್ರಸಿದ್ಧ. ಒಬ್ಬನೇ ಮಾಲೀಕ ಅಕ್ಕಪಕ್ಕದ ಖಾಲಿ ಜಾಗವನ್ನೂ ಕಾರ್ಯಾಗಾರವನ್ನೂ ಬೇರೆ ಬೇರೆಯವರಿಗೆ ಮಾರಿದ. ಜಾಗವನ್ನು ಮೊದಲು, ಕಾರ್ಯಾಗಾರವನ್ನು ಆಮೇಲೆ. ಜಾಗ ಕೊಂಡವನು ತೀರಿಕೊಂಡ ಮೇಲೆ ಅವನ ಹೆಂಡತಿ ಶ್ರೀಮತಿ ವೀಲ್ಡನ್ ತನ್ನ ಜಾಗದಲ್ಲಿ ಹಲಗೆ ನಿಲ್ಲಿಸಿದಳು. ಕಾರ್ಯಾಗಾರದ ಕಿಟಕಿಗಳಿಗೆ ಬೆಳಕು ಹೋಯಿತು. ಅದನ್ನು ಕೊಂಡಿದ್ದ ಬರೋಸ್ ಹಲಗೆ ಕಿತ್ತುಹಾಕಿದ. 1879ರಲ್ಲಿ ಮೇಲಿನ ನ್ಯಾಯಾಲಯ ಹೇಳಿತು: ಜಾಗ ಮಾರುವಾಗಲೇ ಬೆಳಕಿನ ಹಕ್ಕನ್ನು ಪತ್ರದಲ್ಲಿ ಉಳಿಸಿಕೊಳ್ಳಬೇಕಿತ್ತು, ಉಳಿಸಿಕೊಳ್ಳದ ಮೇಲೆ ಇಲ್ಲ. ಗೆದ್ದವಳು ವಿಧವೆ. ಕೊಡುವಾಗಲೇ ಬರೆಸು ಎಂಬ ಪಾಠ ಡರ್ಬಿಗೂ ದಾವಣಗೆರೆಗೂ ಒಂದೇ.

ಬಾಡಿಗೆಯವರಿಗೂ ಕೋರಿನವರಿಗೂ ಈ ಕಾನೂನು ಏನು ಹೇಳುತ್ತದೆ? ನೀವು ಬಾಡಿಗೆ ಮನೆಯಲ್ಲಿದ್ದು ಪಕ್ಕದವರ ಸಂದಿಯನ್ನು ಹಕ್ಕಿನಿಂದ ಇಪ್ಪತ್ತು ವರ್ಷ ತುಳಿದರೂ ಹಕ್ಕು ಹುಟ್ಟುವುದು ಮನೆಯ ಮಾಲೀಕರ ಪರವಾಗಿ. ಹೆಜ್ಜೆ ನಿಮ್ಮದು, ಫಲ ಮನೆಯದು. ಇನ್ನೊಂದು ಮಾತು: ಗುತ್ತಿಗೆಗೆ ಹಿಡಿದ ನೆಲದ ಮೇಲೆ ಹಾದು ಪಕ್ಕದಲ್ಲಿರುವ ಸ್ವಂತ ನೆಲಕ್ಕೆ ಹೋದರೆ, ಅದರಿಂದ ಆ ಸ್ವಂತ ನೆಲಕ್ಕೆ ದಾರಿಯ ಹಕ್ಕು ಎಂದಿಗೂ ಹುಟ್ಟದು. ನಮ್ಮ ಕೋರಿನವರ ಒಂದು ಎಕರೆಯನ್ನು ನೆನೆಯಿರಿ. ಅವರ ಮನೆಯಾಕೆ ಎಷ್ಟು ವರ್ಷ ನಡೆದಿದ್ದರೂ ಆ ಲೆಕ್ಕದಲ್ಲಿ ಒಂದು ಹೆಜ್ಜೆಯೂ ಜಮೆಯಾಗುತ್ತಿರಲಿಲ್ಲ.

ಆ ಲೆಕ್ಕವನ್ನು ಬುಡಮೇಲು ಮಾಡಿದ್ದು ಇನ್ನೊಂದು ಕಾನೂನು. ಅದರ ಮೊದಲ ಕೂಗು ಎದ್ದದ್ದು ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. 1951ರ ಏಪ್ರಿಲಿನಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅಲ್ಲಿನ ಜಗಳದ ಒಂದು ಮೂಲ, ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು ಎಂಬುದು ರೈತರ ದೂರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ದೇಶವೇ ಆ ಹಳ್ಳಿಯ ಹೆಸರು ಕೇಳಿತು. 1952ರಲ್ಲಿ ಮೈಸೂರು ಗೇಣಿ ಕಾನೂನು ಬಂತು, 1961ರಲ್ಲಿ ಭೂಸುಧಾರಣಾ ಕಾನೂನಾಯಿತು, ಅದು ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಬಂದ ತಿದ್ದುಪಡಿ ಅದಕ್ಕೆ ಹಲ್ಲು ಕೊಟ್ಟಿತು. ಆ ಪ್ರಕಾರ 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು 7ನೇ ನಮೂನೆಯ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯಬೇಕು. ಕರಾವಳಿ ಮಲೆನಾಡುಗಳಲ್ಲಿ ಅರ್ಜಿಗಳ ರಾಶಿಯೇ ಬಿತ್ತು. ನಮ್ಮ ಬಯಲುಸೀಮೆಯಲ್ಲಿ ಅಷ್ಟಿಲ್ಲ.

ಈ ಕಾನೂನಿನ ಒಂದು ಮಾತು ದಾರಿಯ ಮಾತಿಗೆ ತೀರ ಹತ್ತಿರದ್ದು. ಗೇಣಿಯ ಕಾಗದ ಇಲ್ಲದಿದ್ದರೂ, ಬೇರೆಯವರ ಜಮೀನನ್ನು ನ್ಯಾಯವಾಗಿ ಉಳುತ್ತಿರುವವನು ಗೇಣಿದಾರನೆಂದೇ ಪರಿಗಣಿತ. ಆದರೆ ಅವನು ಒಡೆಯನ ಮನೆಯವನಾಗಿರಬಾರದು, ಸಂಬಳದ ಆಳಾಗಿರಬಾರದು. ಅಂದರೆ ಇಲ್ಲಿಯೂ ಬಳಕೆಯೇ ಹಕ್ಕು. ಒಡೆಯರಿಗೆ ಉಳಿದದ್ದು ಒಂದೇ ಮಾತು: ಇವನು ಕೋರಿನವನಲ್ಲ, ಕೂಲಿಯವನು. ರಾಜ್ಯದ ಎಷ್ಟೋ ಮಂಡಳಿಗಳಲ್ಲಿ ಈ ಮಾತು ಕೇಳಿಬಂತು. ನಮ್ಮ ಮನೆಗೂ ಹೀಗೆ ಹೇಳಿಕೊಡುವವರು ಬಂದಿದ್ದರು. ದೊಡ್ಡಪ್ಪ ಅರ್ಧ ಒಪ್ಪಿಯೂ ಇದ್ದರು. ಒಳಗೆ ಕೂತಿದ್ದ ಅಜ್ಜಿ ಕೇಳಿದಳಂತೆ, "ಇಷ್ಟು ವರ್ಷ ಕಣದಾಗೆ ಅರ್ಧ ಅಳಕೊಂಡು ಬಂದು ಈಗ ಕೂಲಿ ಅಂದ್ರೆ ಆ ಕೊಳಗ ಏನಂದೀತೋ?" ದೊಡ್ಡಪ್ಪ ತಕರಾರು ಹೂಡಲಿಲ್ಲ. 1980ರಲ್ಲಿ ಮುಂದಿನ 4 ಎಕರೆ ಕೋರಿನವರ ಹೆಸರಿಗಾಯಿತು.

ಅಜ್ಜಿಯ ಮಾತನ್ನು ಹೊಗಳಲೆಂದೇ ಇದನ್ನು ಹೇಳುತ್ತಿಲ್ಲ. ಈ ಕಾನೂನಿನಿಂದ ನೊಂದ ಹೆಂಗಸರೂ ಉಂಟು. ಗಂಡನನ್ನು ಕಳೆದುಕೊಂಡು, ಉಳುವವರಿಲ್ಲದೆ ಎರಡು ಮೂರು ಎಕರೆಯನ್ನು ಕೋರಿಗೆ ಕೊಟ್ಟು ಮಕ್ಕಳನ್ನು ಸಾಕುತ್ತಿದ್ದ ವಿಧವೆಯರಿಗೆ ಮೊದಲಿನ ಕಾನೂನಿನಲ್ಲಿ ಒಂದು ವಿನಾಯಿತಿ ಇತ್ತು. 1974ರ ತಿದ್ದುಪಡಿಯಲ್ಲಿ ಗೇಣಿಗೆ ಕೊಡುವ ವಿನಾಯಿತಿ ಉಳಿದದ್ದು ಸೈನಿಕರಿಗೂ ನಾವಿಕರಿಗೂ ಮಾತ್ರ. ಇತ್ತ ಗೇಣಿದಾರರ ಮನೆಗಳಲ್ಲಿ ಅರ್ಜಿ ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸಿನ ಹೆಸರಿನಲ್ಲಿ ಹೋಯಿತು. ಕಳೆ ಕಿತ್ತವಳ ಹೆಸರು ಪಹಣಿಯಲ್ಲಿ ಅಪರೂಪ. ಎರಡು ಕಡೆಯ ಹೆಂಗಸರೂ ಕಾಗದದ ಹೊರಗೇ ನಿಂತರು.

ನಮ್ಮಲ್ಲಿ ಆದೇಶ ಬಂದ ಮರುದಿನದಿಂದ ಹೊಲದ ನಡಿಗೆ ತಿರುವುಮುರುವಾಯಿತು. ಕೋರಿನ ಮನೆಯಾಕೆ ಈಗ ತನ್ನ ಹೊಲ ಹಾದು ತನ್ನ ಎಕರೆಗೆ ಹೋಗುವವಳು. ನಮ್ಮ ಅಜ್ಜಿ ಬೇರೆಯವರ ಹೊಲ ಹಾದು ತನ್ನ ಹೊಲಕ್ಕೆ ಹೋಗುವವಳು. ಆದೇಶದಲ್ಲಿ ಸರ್ವೆ ನಂಬರಿತ್ತು, ವಿಸ್ತೀರ್ಣವಿತ್ತು, ಚಕ್ಕುಬಂದಿ ಇತ್ತು, ದಾರಿಯ ಮಾತಿರಲಿಲ್ಲ. ಅಜ್ಜಿ ಮೊದಲಿನ ಹಾಗೆಯೇ ಬದುವಿನ ತುದಿಯಲ್ಲಿ ನಿಂತು ಕೇಳಿದಳು, ಆಕೆ ಮೊದಲಿನ ಹಾಗೆಯೇ ಹೋಗ್ರವ್ವಾ ಎಂದಳು. ಮಾತು ಒಂದೇ, ಆದರೆ ಅದರ ತೂಕ ಬದಲಾಗಿತ್ತು. 1989ರಲ್ಲಿ ಅಜ್ಜಿ ತೀರಿಕೊಂಡ ಮೇಲೆ ನಮ್ಮ ಚಿಕ್ಕವ್ವ ಹಾಗೆಯೇ ಕೇಳಿಕೊಂಡು ಹೋದಳು.

ಮಂಡಳಿಯಿಂದ ಬಂದ ಜಮೀನನ್ನು 15 ವರ್ಷ ಮಾರುವಂತಿರಲಿಲ್ಲ. ಆ ಗಡುವು ಮುಗಿದು, ಹಿರಿಯರಿಬ್ಬರೂ ಹೋಗಿ, 2004ರಲ್ಲಿ ಆ ಮನೆಯ ಮೊಮ್ಮಕ್ಕಳು ಸಾಲಕ್ಕಾಗಿ ನಾಲ್ಕು ಎಕರೆಯನ್ನು ಮಾರಿದರು. ಕೊಂಡವರು ಹೊರಗಿನವರು, ಕೊಳವೆಬಾವಿ ಕೊರೆಸಿ, ಅಡಿಕೆ ಇಟ್ಟು, 2005ರಲ್ಲಿ ಸುತ್ತ ತಂತಿಬೇಲಿ ಹಾಕಿದರು. ಅವರು ಕೊಂಡ ಪತ್ರದಲ್ಲೂ ದಾರಿಯಿಲ್ಲ, ಅವರ ಕಡೆಯಿಂದ ನೋಡಿದರೆ ಅವರದೂ ಸರಿ. ನಮ್ಮ ಹಿಂದಿನ 5 ಎಕರೆಗೆ ಉಳಿದದ್ದು ಹಳ್ಳದ ಕಡೆಯ ದಾರಿ. ಒಂದೂವರೆ ಮೈಲಿ ಸುತ್ತು, ಮುಂಗಾರಿನಲ್ಲಿ ಮೊಣಕಾಲುದ್ದ ಎರೆಕೆಸರು. ಮೆಕ್ಕೆಜೋಳದ ಗಾಡಿ ಅಲ್ಲಿ ಹೂತರೆ ಎರಡು ಜೊತೆ ಎತ್ತು ಬೇಕು.

2006ರಲ್ಲಿ ಚಿಕ್ಕಪ್ಪ ದಾವೆ ಹಾಕಿದರು. ಸುತ್ತಿನ ದಾರಿ ಇದ್ದುದರಿಂದ ಅನಿವಾರ್ಯತೆಯ ಮಾತು ನಿಲ್ಲುವಂತಿರಲಿಲ್ಲ. ಉಳಿದದ್ದು ಚಿರಭೋಗ. 1980ರಿಂದ 2005ರವರೆಗೆ ಲೆಕ್ಕ ಹಾಕಿದರೆ 25 ವರ್ಷ, ಬೇಕಾದದ್ದು 20. ವಕೀಲರು ಹುರುಪಿನಲ್ಲಿದ್ದರು. ಆ ಬದುವಿನ ಮೇಲೆ ದಿನಾ ನಡೆದವಳು ಚಿಕ್ಕವ್ವನಾದ್ದರಿಂದ ಅವಳೇ ಮುಖ್ಯ ಸಾಕ್ಷಿ. 2009ರಲ್ಲಿ ಅವಳು ಕಟಕಟೆಯಲ್ಲಿ ನಿಂತಾಗ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಎದುರು ಪಕ್ಷದ ವಕೀಲರು ಹೆಚ್ಚೇನೂ ಕೇಳಲಿಲ್ಲ. "ಏನಮ್ಮಾ, ಅವರ ಹೊಲದಲ್ಲಿ ಹಾಯುವಾಗ ಅವರನ್ನು ಕೇಳಿ ಹೋಗುತ್ತಿದ್ದಿರೋ, ಕೇಳದೆ ಹೋಗುತ್ತಿದ್ದಿರೋ?"

ಚಿಕ್ಕವ್ವನಿಗೆ ಆ ಪ್ರಶ್ನೆಯ ಬೆಲೆ ಗೊತ್ತಿತ್ತು. ನಮ್ಮ ವಕೀಲರು ಹಿಂದಿನ ದಿನವೇ ವಿವರಿಸಿದ್ದರು. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು, "ಕೇಳದೆ ಹೆಂಗ್ ಹೋಗ್ತಾರ್ರಿ ಪೈರಿನ್ಯಾಗೆ? ಕೇಳಿಯೇ ಹೋಗ್ತಿದ್ವಿ."

ಅಲ್ಲಿಗೆ ದಾವೆಯ ಬೆನ್ನು ಮುರಿಯಿತು. ಹೊರಗೆ ಬಂದಾಗ ಚಿಕ್ಕಪ್ಪ ಮಾತಾಡಲಿಲ್ಲ. ಮನೆಯಲ್ಲಿ ಎರಡು ದಿನ ಸಿಡಿಮಿಡಿ ನಡೆಯಿತು. ಆದರೆ ಆ ಮಾತು ಬೇಲಿಯ ಆಚೆಗೂ ಹೋಗಿತ್ತು. ತಮ್ಮ ಅಜ್ಜಿಯನ್ನು ಕೇಳಿಯೇ ನಡೆದದ್ದೆಂದು ಎದುರಿನ ಸಾಕ್ಷಿಯೇ ಹೇಳಿದಳೆಂದು ಹಳೆಯ ಕೋರಿನ ಮನೆಯವರಿಗೆ ಗೊತ್ತಾಯಿತು. ಮಾರಿದವರು ಅವರೇ ಆದ್ದರಿಂದ ಕೊಂಡವರ ಹತ್ತಿರ ಕೂತು ಮಾತಾಡಿದರು. ಮಾರುವಾಗ ತಾವೇ ಹೇಳಬೇಕಿತ್ತು ಎಂಬ ಭಾವನೆ ಅವರಿಗೆ ಇದ್ದಿರಬೇಕು. 2010ರಲ್ಲಿ ರಾಜಿಯಾಯಿತು. ಬದುವಿನ ಗುಂಟ 8 ಅಡಿ ಅಗಲ, 340 ಅಡಿ ಉದ್ದ, ಹತ್ತಿರ ಹತ್ತಿರ ಎರಡೂವರೆ ಗುಂಟೆಯಷ್ಟು ನೆಲದ ಮೇಲೆ ನಡೆಯುವ ಹಕ್ಕಿಗೆ ನಾವು ಹಣ ಕೊಟ್ಟೆವು, ಅವರು ನೋಂದಾಯಿತ ಪತ್ರ ಬರೆದುಕೊಟ್ಟರು. ಎರಡು ತಲೆಮಾರು ಬರಿಮಾತಿಗೆ ಸಿಕ್ಕಿದ್ದನ್ನು ಮೂರನೆಯ ತಲೆಮಾರು ಕ್ರಯಕ್ಕೆ ಪಡೆಯಿತು.

ಕೋರು ಇಂದಿಗೂ ನಿಂತಿಲ್ಲ. ಗೇಣಿಗೆ ಕೊಡುವುದನ್ನು ಕಾನೂನು ತಡೆದಿದ್ದರೂ ಹಳ್ಳಿಗಳಲ್ಲಿ ಅದು ಬಾಯಿಮಾತಿನಲ್ಲೇ ನಡೆದಿದೆ. ಕಾಗದವಿಲ್ಲದ್ದರಿಂದ ಬೆಳೆಸಾಲವಾಗಲಿ ಬೆಳೆಹಾನಿಯ ಪರಿಹಾರವಾಗಲಿ ಸಾಮಾನ್ಯವಾಗಿ ಪಹಣಿಯ ಹೆಸರಿಗೇ ಹೋಗುತ್ತದೆ, ಬಿತ್ತಿದವರಿಗಲ್ಲ. ದಾರಿಯ ವ್ಯಾಜ್ಯಗಳೂ ನಿಂತಿಲ್ಲ. 2023ರಲ್ಲಿ ಕಂದಾಯ ಇಲಾಖೆ ಹೊಲಗಳಿಗೆ ಹೋಗುವ ದಾರಿಗಳನ್ನು ಮುಚ್ಚದಂತೆ ನೋಡಿಕೊಳ್ಳಬೇಕೆಂದು ತಹಸೀಲ್ದಾರರಿಗೆ ಸುತ್ತೋಲೆ ಕಳಿಸಬೇಕಾಯಿತು. ನಕಾಶೆ ಕಂಡ ದಾರಿಗೆ ಅದರಿಂದ ಬಲ ಬಂದೀತು. ನಕಾಶೆ ಕಾಣದ ಬದುವಿನ ದಾರಿಯನ್ನು ನಾವೇ ಕಾಣಿಸಬೇಕು.

ಇದನ್ನು ಹೆಣ್ಣುಮಕ್ಕಳಿಗೆ ಒತ್ತಿ ಹೇಳಲು ಕಾರಣವಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂಬ ಕಾನೂನು ನಮ್ಮ ರಾಜ್ಯದಲ್ಲಿ 1994ರಲ್ಲಿ ಜಾರಿಯಾಯಿತು, ದೇಶಕ್ಕೆಲ್ಲ 2005ರಲ್ಲಿ ಬಂತು. ನಾನು ಕಂಡಂತೆ ಅಣ್ಣತಮ್ಮಂದಿರು ಪಾಲು ಕೊಡುವಾಗ ಅಕ್ಕತಂಗಿಯರಿಗೆ ಬರುವುದು ಹೆಚ್ಚಾಗಿ ಹಿಂದಿನ ತುಂಡು. ರಸ್ತೆಗೆ ತಾಗಿದ್ದು ಗಂಡುಮಕ್ಕಳಿಗೆ. "ದಾರಿಗೇನಕ್ಕಾ, ನಮ್ಮ ಹೊಲದಾಗೆ ಹೋಗು, ಬೇಡ ಅಂತೀವಾ?" ಎಂದು ತಮ್ಮ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನ ಮಗ, ಅವನ ಮಗನಿಂದ ಕೊಂಡವನು ಆ ಮಾತು ಕೇಳಿಸಿಕೊಂಡಿರುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಕಾನೂನು ಕೈ ಹಿಡಿದೀತು. ಸುತ್ತಿನ ದಾರಿಯೊಂದು ಇದ್ದರೆ ಹಿಡಿಯದು. ಆದ್ದರಿಂದ ವಿಭಾಗಪತ್ರಕ್ಕೆ ಸಹಿ ಹಾಕುವ ದಿನವೇ ದಾರಿ ಎಲ್ಲಿ, ಅಗಲ ಎಷ್ಟು ಅಡಿ, ಬಂಡಿ ಹೋಗಬಹುದೇ, ನೀರಿನ ಪೈಪು ಹಾಯಿಸಬಹುದೇ ಎಂದು ಬರೆಸಿ. ಪೇಟೆಯಲ್ಲಿ ಮನೆ ಪಾಲಾಗುವಾಗ ಮೆಟ್ಟಿಲು, ನಲ್ಲಿ, ಬಚ್ಚಲ ನೀರು, ಕಿಟಕಿಯ ಬೆಳಕು ಇವನ್ನೂ ಬರೆಸಿ. ಬರೆಸುವುದು ಅಪನಂಬಿಕೆಯಲ್ಲ. ನಮ್ಮ ನಡುವಿನ ನಂಬಿಕೆ ಮುಂದಿನವರಿಗೂ ಗೊತ್ತಾಗಲಿ ಎಂಬುದಕ್ಕೆ.

ಹಾಗಾದರೆ ಇನ್ನು ಮುಂದೆ ಕೇಳದೆಯೇ ನಡೆಯಬೇಕೇ ಎಂದು ನೀವು ಕೇಳಬಹುದು. ಚಿಕ್ಕವ್ವನಿಗೆ ಈಗ ಎಂಬತ್ತರ ಹತ್ತಿರ. ನೋಂದಾಯಿತ ಪತ್ರ ಅವಳ ಟ್ರಂಕಿನಲ್ಲಿದೆ. ಆದರೂ ಹೊಲಕ್ಕೆ ಹೋಗುವ ದಿನ ಅಡಿಕೆ ತೋಟದಲ್ಲಿ ಯಾರಾದರೂ ಕಂಡರೆ ನಿಂತು, ಹಿಂದಿನ ಹೊಲಕ್ಕೆ ಹೋಗ್ತಿದೀನಿ ಎಂದು ಕೂಗಿ ಹೇಳಿಯೇ ಹೋಗುತ್ತಾಳೆ. ಪತ್ರ ಇದ್ದ ಮೇಲೆ ಆ ಕೂಗಿನಿಂದ ಅವಳ ಹಕ್ಕಿಗೆ ಕುಂದಿಲ್ಲ. ಪತ್ರ ಬರೆಸಿ, ಬರೆಸಿದ ಮೇಲೂ ಹೇಳಿ ಹೋಗಿ.